13ಬಿ ರೋಟರಿ ವಿಮಾನ ಎಂಜಿನ್: ಎರಡನೇ ಕ್ರ್ಯಾಂಕ್ ಸೆನ್ಸರ್ ಎಲ್ಲಿ ಕೂರಿಸಬೇಕು? ಟೈಮಿಂಗ್ ಹೇಗೆ ಹೊಂದಿಸಬೇಕು?

ಮರದ_ರೆಕ್ಕೆ

ಎಲ್ಲರಿಗೂ ನಮಸ್ಕಾರ. ಎರಡು ಸೀಟಿನ ವಿಮಾನ ನಾನೇ ಕಟ್ಟುತ್ತಿದ್ದೇನೆ. ಎಂಜಿನ್ ಎರಡನೇ ತಲೆಮಾರಿನ ಆರ್‌ಎಕ್ಸ್-7 ಕಾರಿನಿಂದ ತೆಗೆದ ಮಜ್ದಾ 13ಬಿ, ಪಿಸ್ಟನ್ ಬದಲು ತ್ರಿಕೋನ ಆಕಾರದ ಎರಡು ರೋಟರ್ ತಿರುಗುವ ರೋಟರಿ ಎಂಜಿನ್, ಟರ್ಬೊ ಇಲ್ಲದ್ದು. ಪ್ರೊಪೆಲರ್ ವೇಗ ಇಳಿಸುವ ರಿಡಕ್ಷನ್ ಗೇರ್ 2.17ಕ್ಕೆ 1. ಟೇಕಾಫ್‌ನಲ್ಲಿ ಎಂಜಿನ್ 6000 ಆರ್‌ಪಿಎಂ ಹತ್ತಿರ ತಿರುಗಬೇಕು ಅನ್ನುವುದು ಲೆಕ್ಕ. ಸದ್ಯ ಟೆಸ್ಟ್ ಸ್ಟ್ಯಾಂಡ್ ಮೇಲೆ ಓಡಿಸುತ್ತಿದ್ದೇನೆ.

ಈಗಿನ ವ್ಯವಸ್ಥೆ ಹೀಗಿದೆ. ಮುಂದಿನ ಪುಲ್ಲಿಯ ಹಿಂದೆ 36-1 ಹಲ್ಲಿನ ಚಕ್ರ (36 ಹಲ್ಲಿನ ಜಾಗ, ಅದರಲ್ಲಿ ಒಂದು ಖಾಲಿ). ಅದನ್ನು ಓದಿ ಶಾಫ್ಟ್ ಎಲ್ಲಿದೆ ಅಂತ ಹೇಳುವುದು ಒಂದೇ ಒಂದು ವಿಆರ್ ಸೆನ್ಸರ್ (ಆಯಸ್ಕಾಂತ ಮತ್ತು ತಂತಿ ಸುರುಳಿಯಿಂದ ಹಲ್ಲು ಗುರುತಿಸುವಂಥದ್ದು). ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎರಡಿವೆ, ಎ ಮತ್ತು ಬಿ. ಸೆನ್ಸರ್ ತಂತಿಯನ್ನೇ ಕವಲು ಮಾಡಿ ಎರಡಕ್ಕೂ ಕೊಟ್ಟಿದ್ದೇನೆ. ಪ್ರತಿ ರೋಟರ್‌ಗೂ ಲೀಡಿಂಗ್, ಟ್ರೇಲಿಂಗ್ ಅಂತ ಎರಡು ಸ್ಪಾರ್ಕ್ ಪ್ಲಗ್. ಎ ಇಸಿಯು ಎರಡೂ ಲೀಡಿಂಗ್ ಪ್ಲಗ್‌ಗಳಿಗೆ ಕಿಡಿ ಕೊಡುತ್ತದೆ, ಬಿ ಇಸಿಯು ಎರಡೂ ಟ್ರೇಲಿಂಗ್ ಪ್ಲಗ್‌ಗಳಿಗೆ. ಪ್ರತಿ ಪ್ಲಗ್‌ಗೂ ಅದರದೇ ಕಾಯಿಲ್. ಇಂಜೆಕ್ಟರ್‌ಗಳೆಲ್ಲ ಸದ್ಯಕ್ಕೆ ಎ ಕೈಯಲ್ಲಿವೆ. ಲೀಡಿಂಗ್, ಟ್ರೇಲಿಂಗ್ ಎರಡಕ್ಕೂ ಟಿಡಿಸಿಗಿಂತ (ಚೇಂಬರ್ ಅತಿ ಚಿಕ್ಕದಾಗುವ ಜಾಗ) 22 ಡಿಗ್ರಿ ಮೊದಲು ಅಂತ ಇಟ್ಟಿದ್ದೇನೆ.

ಇಸಿಯು ಎರಡು, ಬ್ಯಾಟರಿ ಎರಡು, ಫ್ಯೂಯಲ್ ಪಂಪ್ ಎರಡು. ಆದರೆ ಆ ಒಂದು ಸೆನ್ಸರ್ ಹೋದರೆ ಎಲ್ಲವೂ ಹೋಯಿತು. ಇದು ನಿದ್ದೆ ಕೆಡಿಸುತ್ತಿದೆ. ಎರಡನೆಯದನ್ನು ಎಲ್ಲಿ ಕೂರಿಸಲಿ? ಇದೇ ಚಕ್ರದ ಮೇಲೆ ಇನ್ನೊಂದು ಮೂಲೆಯಲ್ಲಿ ಹಾಕಿದರೆ ಸಾಕಾ? ವಿಆರ್ ಒಳ್ಳೆಯದಾ, ಹಾಲ್ (ಕಾಂತಕ್ಷೇತ್ರ ಓದುವ ಚಿಪ್ ಇರುವ ಸೆನ್ಸರ್) ಒಳ್ಳೆಯದಾ?

ಇನ್ನೊಂದು ವಿಷಯ. ಟೈಮಿಂಗ್ ಲೈಟ್ ಹಿಡಿದರೆ 1500 ಆರ್‌ಪಿಎಂನಲ್ಲಿ ಸರಿಯಾಗಿ 22 ತೋರಿಸುತ್ತದೆ. 5000ಕ್ಕೆ ಏರಿಸಿದರೆ 20ಕ್ಕೆ ಇಳಿಯುತ್ತದೆ. ಇಸಿಯು ಟೇಬಲ್‌ನಲ್ಲಿ ಎಲ್ಲ ಕಡೆ 22 ಅಂತಲೇ ಇದೆ. ಈ ಎರಡು ಡಿಗ್ರಿ ಎಲ್ಲಿ ಹೋಯಿತು?

ಪ್ರೊಪ್_ಹಿಂದೆ

ಸುಲಭ ದಾರಿ ಹೇಳುತ್ತೇನೆ. ಅದೇ ಚಕ್ರ, ಅದೇ ಬ್ರಾಕೆಟ್. ಎದುರು ಬದಿಯಲ್ಲಿ ಇನ್ನೊಂದು ಸೆನ್ಸರ್ ಕೂರಿಸಿ ಬಿ ಇಸಿಯುಗೆ ಕೊಡಿ. ಟೂತ್ ಆಫ್‌ಸೆಟ್ ಬದಲಾಯಿಸಿ. ರೋಟರಿಗೆ ಕ್ಯಾಮ್ ಸೆನ್ಸರ್ ಬೇಕಿಲ್ಲ, ಪ್ರತಿ ರೋಟರ್ ಶಾಫ್ಟ್‌ನ ಪ್ರತಿ ಸುತ್ತಿಗೂ ಒಮ್ಮೆ ಉರಿಯುತ್ತದೆ, ಹಾಗಾಗಿ ಬೇರೆ ತಲೆನೋವಿಲ್ಲ. ಆ ಎರಡು ಡಿಗ್ರಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ರೋಟರಿ ಟೈಮಿಂಗ್ ವಿಷಯದಲ್ಲಿ ಅಷ್ಟೇನೂ ಹಟ ಮಾಡುವ ಎಂಜಿನ್ ಅಲ್ಲ.

ಎಪೆಕ್ಸ್_ಸೀಲ್

ಕ್ಯಾಮ್ ಸೆನ್ಸರ್ ಬೇಡ ಅನ್ನುವುದು ಸರಿ. ಎರಡು ಸೆನ್ಸರ್ ಬೇಕು ಅನ್ನುವುದೂ ಸರಿ. ಆದರೆ ಒಂದೇ ಚಕ್ರ, ಒಂದೇ ಬ್ರಾಕೆಟ್ ಮೇಲೆ ಎರಡು ಸೆನ್ಸರ್ ಹಾಕುವುದನ್ನು ನಾನು ಬ್ಯಾಕಪ್ ಅಂತ ಕರೆಯುವುದಿಲ್ಲ. ಅದು ಒಂದೇ ಕೊಂಬೆಗೆ ಎರಡು ಹಗ್ಗ ಕಟ್ಟಿದ ಹಾಗೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ. ಈ ವಿಷಯದಲ್ಲಿ ಅವಸರ ಬೇಡ.

ಸೆನ್ಸರ್ ಎರಡು ಥರ ಕೈಕೊಡುತ್ತದೆ. ಒಂದು, ಸಿಗ್ನಲ್ ನಿಂತೇ ಹೋಗುತ್ತದೆ. ತಂತಿ ತುಂಡಾಯಿತು, ಕನೆಕ್ಟರ್ ಕಳಚಿತು, ಸೆನ್ಸರ್ ಸುಟ್ಟಿತು. ಆ ಇಸಿಯು ಕಿಡಿ ನಿಲ್ಲಿಸುತ್ತದೆ, ಇನ್ನೊಂದು ಎಂಜಿನ್ ಓಡಿಸುತ್ತದೆ. ಪವರ್ ಸ್ವಲ್ಪ ಬೀಳುತ್ತದೆ, ನೀವು ಇಳಿಯುತ್ತೀರಿ. ನಾವೆಲ್ಲ ಬ್ಯಾಕಪ್ ಅಂದಾಗ ಯೋಚಿಸುವುದು ಇದೊಂದನ್ನೇ.

ಇನ್ನೊಂದು ಥರದ್ದು ಕೆಟ್ಟದ್ದು. ಸಿಗ್ನಲ್ ಬರುತ್ತಲೇ ಇರುತ್ತದೆ, ಆದರೆ ಸುಳ್ಳು ಹೇಳುತ್ತದೆ. ನಿಮ್ಮ ಚಕ್ರಕ್ಕೆ 36 ಜಾಗ, ಒಂದೊಂದಕ್ಕೆ 10 ಡಿಗ್ರಿ. ಕಾಯಿಲ್‌ನ ಗಲಾಟೆ ಸೆನ್ಸರ್ ತಂತಿಗೆ ನುಗ್ಗಿ ಒಂದು ಪಲ್ಸ್ ಜಾಸ್ತಿ ಎಣಿಕೆಯಾಯಿತು ಅಂದುಕೊಳ್ಳಿ. ಶಾಫ್ಟ್ ಇರುವ ಜಾಗಕ್ಕಿಂತ 10 ಡಿಗ್ರಿ ಮುಂದೆ ಹೋಗಿದೆ ಅಂತ ಇಸಿಯು ನಂಬುತ್ತದೆ. 22ರಲ್ಲಿ ಬರಬೇಕಾದ ಕಿಡಿ 32ರಲ್ಲಿ ಬರುತ್ತದೆ. ಖಾಲಿ ಹಲ್ಲಿನ ಜಾಗ ಮತ್ತೆ ಬಂದಾಗ ಎಣಿಕೆ ಸರಿಹೋಗಬಹುದು. ಆದರೆ ಚಕ್ರವೇ ಹಬ್ ಮೇಲೆ ಜರುಗಿದರೆ ಅಥವಾ ಬ್ರಾಕೆಟ್ ಬೋಲ್ಟ್ ಸಡಿಲವಾದರೆ ಸರಿಹೋಗುವ ಮಾತೇ ಇಲ್ಲ. ಎಲ್ಲ ಹಲ್ಲೂ ಲೆಕ್ಕಕ್ಕೆ ಸರಿಯಾಗಿ ಸಿಗುತ್ತವೆ, ಇಸಿಯುಗೆ ತಪ್ಪು ಕಾಣುವುದೇ ಇಲ್ಲ.

ಈಗ ಮುಖ್ಯ ಮಾತು. ಲೀಡಿಂಗ್ ಮತ್ತು ಟ್ರೇಲಿಂಗ್ ಪ್ಲಗ್‌ಗಳು ಇರುವುದು ಒಂದೇ ಚೇಂಬರಿನಲ್ಲಿ. ಯಾವ ಕಿಡಿ ಮೊದಲು ಬಂತೋ ಅದೇ ಬೆಂಕಿ ಹಚ್ಚುತ್ತದೆ. ಬಿ ಸರಿಯಾಗಿ 22ರಲ್ಲೇ ಕೊಡುತ್ತಿದ್ದರೂ ಎ ಜರುಗಿ 40ರಲ್ಲಿ ಕೊಟ್ಟರೆ ಎಂಜಿನ್ ಓಡುವುದು 40ರಲ್ಲೇ. ಆರೋಗ್ಯವಾಗಿರುವ ವ್ಯವಸ್ಥೆ ಏನೂ ಮಾಡಲಾರದು. ಪೂರ್ತಿ ಥ್ರಾಟಲ್‌ನಲ್ಲಿ ಅಷ್ಟು ಬೇಗ ಕಿಡಿ ಬಿದ್ದರೆ ಡೆಟೊನೇಷನ್, ಅಂದರೆ ಪೆಟ್ರೋಲ್ ಮಿಶ್ರಣ ತಾನೇ ಸಿಡಿಯುವುದು. ಪಿಸ್ಟನ್ ಎಂಜಿನ್ ಸ್ವಲ್ಪ ಹೊತ್ತು ತಡೆದುಕೊಳ್ಳಬಹುದು. ರೋಟರಿಯಲ್ಲಿ ಎಪೆಕ್ಸ್ ಸೀಲ್ (ರೋಟರ್ ಮೂಲೆಯಲ್ಲಿ ಒತ್ತಡ ಸೋರದಂತೆ ತಡೆಯುವ ಪಟ್ಟಿ) ಮುರಿಯುತ್ತದೆ. ಮುರಿದ ಚೂರು ಹೌಸಿಂಗ್ ಗೀರಿಕೊಂಡು ಎಕ್ಸಾಸ್ಟ್ ಪೋರ್ಟ್‌ನಿಂದ ಹೊರಗೆ ಹೋಗುತ್ತದೆ. ಆ ರೋಟರ್‌ನ ಕಂಪ್ರೆಷನ್ ಅಲ್ಲಿಗೆ ಮುಗಿಯಿತು. ನಿಂತುಹೋದ ಸೆನ್ಸರ್‌ಗಿಂತ ಸುಳ್ಳು ಹೇಳುವ ಸೆನ್ಸರ್‌ಗೆ ನಾನು ಹೆದರುವುದು ಇದಕ್ಕೇ.

ಒಂದೇ ಚಕ್ರ ಓದುವ ಎರಡು ಸೆನ್ಸರ್ ಇದ್ದರೆ ಚಕ್ರ ಜರುಗಿದಾಗ ಎರಡೂ ಒಟ್ಟಿಗೆ ಜರುಗುತ್ತವೆ. ಇಸಿಯುಗಳೆರಡೂ ಒಂದೇ ಮಾತು ಹೇಳುತ್ತವೆ, ಎರಡೂ ತಪ್ಪು ಹೇಳುತ್ತವೆ. ನೀವು ರನ್-ಅಪ್‌ನಲ್ಲಿ (ಹಾರುವ ಮುಂಚಿನ ಎಂಜಿನ್ ಪರೀಕ್ಷೆ) ಎ, ಬಿ ಬದಲಿಸಿ ನೋಡಿದರೂ ವ್ಯತ್ಯಾಸ ಕಾಣುವುದಿಲ್ಲ.

ನಿಮ್ಮ ಎಂಜಿನ್‌ನಲ್ಲಿ ಬೇರೆ ಜಾಗ ಹುಡುಕುವ ಕಷ್ಟವೇ ಇಲ್ಲ. ಎರಡನೇ ತಲೆಮಾರಿನ 13ಬಿ ಫ್ರಂಟ್ ಕವರ್‌ನಲ್ಲಿ ಮೂಲ ಕ್ರ್ಯಾಂಕ್ ಆಂಗಲ್ ಸೆನ್ಸರ್ ಕೂರುವ ತೂತು ಇದೆ. ನೀವು ಅದನ್ನು ಮುಚ್ಚಿರಬೇಕು. ಆ ಸೆನ್ಸರ್ ಒಳಗಿನ ಗೇರ್‌ನಿಂದ ತಿರುಗುತ್ತದೆ, ಶಾಫ್ಟ್‌ನ ಅರ್ಧ ವೇಗದಲ್ಲಿ. ಒಳಗೆ 24 ಹಲ್ಲಿನದೊಂದು, 2 ಹಲ್ಲಿನದೊಂದು, ಎರಡು ಚಕ್ರ. ಅರ್ಧ ವೇಗ ಆದ್ದರಿಂದ ಶಾಫ್ಟ್‌ನ ಒಂದು ಸುತ್ತಿಗೆ 12 ಹಲ್ಲು ಮತ್ತು ಒಂದು ಗುರುತು ಸಿಗುತ್ತದೆ. ಪುಲ್ಲಿ ಚಕ್ರ ಹೊರಗೆ, ಇದು ಒಳಗೆ. ಬ್ರಾಕೆಟ್ ಬೇರೆ, ತಂತಿ ಬೇರೆ, ಕನೆಕ್ಟರ್ ಬೇರೆ. ಬಹುತೇಕ ಇಸಿಯುಗಳಿಗೆ 24 ಮತ್ತು 2ರ ಈ ವಿನ್ಯಾಸ ಓದಲು ಬರುತ್ತದೆ. ಇದನ್ನು ಬಿಗೆ ಕೊಡಿ, 36-1 ಎಗೆ ಇರಲಿ.

ಇದರ ದೋಷವನ್ನೂ ಹೇಳಬೇಕು. ಗೇರ್‌ಗಳ ನಡುವೆ ಸ್ವಲ್ಪ ಸಡಿಲ ಇರುವುದರಿಂದ ಟೈಮಿಂಗ್ ಗುರುತು ಒಂದು ಚೂರು ಅಲುಗಾಡುತ್ತದೆ, ಪುಲ್ಲಿ ಚಕ್ರದಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಬ್ಯಾಕಪ್‌ಗೆ ಅದು ತೊಂದರೆ ಅಲ್ಲ. ಇನ್ನೊಂದು, ಸೆನ್ಸರ್ ಮೈಯನ್ನು ತಿರುಗಿಸಿ ಟೈಮಿಂಗ್ ಹೊಂದಿಸುವ ಉದ್ದ ತೂತು ಇದೆ ಅಲ್ವಾ, ಅಲ್ಲಿ ಹುಷಾರು. ಅರ್ಧ ವೇಗ ಆದ್ದರಿಂದ ಮೈಯನ್ನು 1 ಡಿಗ್ರಿ ತಿರುಗಿಸಿದರೆ ಶಾಫ್ಟ್ ಲೆಕ್ಕದಲ್ಲಿ 2 ಡಿಗ್ರಿ ಸರಿಯುತ್ತದೆ. ಹೊಂದಿಸಿದ ಮೇಲೆ ಬೋಲ್ಟ್ ಬಿಗಿ ಮಾಡಿ, ಮೈ ಮತ್ತು ಕವರ್ ಎರಡರ ಮೇಲೂ ಹಾದುಹೋಗುವ ಹಾಗೆ ಬಣ್ಣದ ಗೆರೆ ಎಳೆಯಿರಿ. ಹಾರುವ ಮುಂಚೆ ಟಾರ್ಚ್ ಹಾಕಿ ಆ ಗೆರೆ ಒಂದೇ ಆಗಿದೆಯಾ ಅಂತ ನೋಡಿ. ಪುಲ್ಲಿ ಚಕ್ರ ಮತ್ತು ಹಬ್ ಮೇಲೂ ಅದೇ ಥರ ಗೆರೆ ಇರಲಿ.

ಚಕ್ರದ ಕೆಲಸಕ್ಕೆ ಅಂತ ಮುಂದಿನ ದೊಡ್ಡ ಬೋಲ್ಟ್ ಬಿಚ್ಚಲು ಹೋಗಬೇಡಿ. ಅದು ಸುಮ್ನೆ ಪುಲ್ಲಿ ಹಿಡಿದಿರುವ ಬೋಲ್ಟ್ ಅಲ್ಲ. ಎಕ್ಸೆಂಟ್ರಿಕ್ ಶಾಫ್ಟ್‌ನ (ರೋಟರ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಎಂಡ್ ಪ್ಲೇ, ಅಂದರೆ ಹಿಂದೆ ಮುಂದೆ ಸರಿಯುವ ಸಡಿಲ, ನಿಂತಿರುವುದೇ ಅದರ ಬಿಗಿತದ ಮೇಲೆ, ಅದೂ 0.04ರಿಂದ 0.07 ಮಿ.ಮೀ ಒಳಗೆ. ಬೋಲ್ಟ್ ಸಡಿಲವಾಗಿರುವಾಗ ಶಾಫ್ಟ್ ಹಿಂದೆ ಸರಿದರೆ ಒಳಗಿನ ಥ್ರಸ್ಟ್ ಬೇರಿಂಗ್ ತನ್ನ ಜಾಗದಿಂದ ಜಾರಿ ಸ್ಪೇಸರ್ ಕೆಳಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ನೋಡದೆ ಬಿಗಿ ಮಾಡಿದರೆ ಬೇರಿಂಗ್ ಹಾಳು.

ಖಾಲಿ ಹಲ್ಲಿನ ಜಾಗದ ಬಗ್ಗೆಯೂ ಒಂದು ಮಾತು. ಸ್ಟಾರ್ಟರ್ ತಿರುಗಿಸುವಾಗ ಕಂಪ್ರೆಷನ್ ಹತ್ತಿರ ಶಾಫ್ಟ್ ನಿಧಾನವಾಗುತ್ತದೆ. ನಿಧಾನವಾದ ಹಲ್ಲು ಇಸಿಯುಗೆ ಖಾಲಿ ಜಾಗದ ಹಾಗೆ ಕಾಣಬಹುದು. ಎರಡು ರೋಟರ್‌ಗಳ ಟಿಡಿಸಿ 180 ಡಿಗ್ರಿ ದೂರ. ಖಾಲಿ ಜಾಗ ಸೆನ್ಸರ್ ಮುಂದೆ ಬರುವುದು ಅವೆರಡರ ನಡುವೆ, ಸುಮಾರು 90 ಡಿಗ್ರಿಯಲ್ಲಿ ಇರಲಿ. ಹಲ್ಲಿನ ಎಣಿಕೆ ತಪ್ಪಿದರೆ ಕಿಡಿ ನಿಲ್ಲಿಸಿ ಮತ್ತೆ ಸಿಂಕ್ ಹುಡುಕುವ ಆಯ್ಕೆ ನಿಮ್ಮ ಇಸಿಯುನಲ್ಲಿ ಇದ್ದರೆ ಅದನ್ನು ಹಾಕಿಡಿ. ಊಹೆ ಮೇಲೆ ಕಿಡಿ ಕೊಡುವುದಕ್ಕಿಂತ ಒಂದು ಸುತ್ತು ಕಿಡಿ ಇಲ್ಲದಿರುವುದು ಎಷ್ಟೋ ವಾಸಿ.

ಎಲ್ಲಕ್ಕಿಂತ ಮೊದಲು ಆ ಇಂಜೆಕ್ಟರ್ ವಿಷಯ ಸರಿಮಾಡಿ. ಎ ಸೆನ್ಸರ್ ಹೋದರೆ ಎ ಇಸಿಯು ಪೆಟ್ರೋಲ್ ಕೊಡುವುದನ್ನೂ ನಿಲ್ಲಿಸುತ್ತದೆ. ಬಿ ತನ್ನ ಪಾಡಿಗೆ ಟ್ರೇಲಿಂಗ್ ಪ್ಲಗ್‌ಗೆ ಕಿಡಿ ಕೊಡುತ್ತಿರುತ್ತದೆ, ಬರೀ ಗಾಳಿಗೆ. ಈಗಿರುವ ಹಾಗೆ ಎರಡನೇ ಸೆನ್ಸರ್ ಹಾಕಿದರೂ ನಿಮಗೆ ಬ್ಯಾಕಪ್ ಇಲ್ಲ.

ಸೋಲ್ಡರ್_ಹೊಗೆ

ವೈರಿಂಗ್ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

ವಿಆರ್ ಸೆನ್ಸರ್ ತಂತಿಯನ್ನು ಕವಲು ಮಾಡಿ ಎರಡು ಇಸಿಯುಗೆ ಕೊಡುವುದನ್ನು ಇವತ್ತೇ ಬಿಡಿ. ಸ್ಟ್ಯಾಂಡ್ ಮೇಲೆ ಒಂದು ಪರೀಕ್ಷೆ ಮಾಡಿ. ಎಂಜಿನ್ ಓಡುತ್ತಿರುವಾಗ ಬಿ ಇಸಿಯುವಿನ ಪವರ್ ಪೂರ್ತಿ ತೆಗೆಯಿರಿ, ಆಸಿಲೋಸ್ಕೋಪ್‌ನಲ್ಲಿ ಸೆನ್ಸರ್ ಅಲೆ ನೋಡಿ. ಪವರ್ ಇಲ್ಲದ ಇಸಿಯುವಿನ ಇನ್‌ಪುಟ್ ಎಷ್ಟೋ ಸಲ ಆ ಅಲೆಯನ್ನು ಕೆಳಗೆ ಎಳೆದುಬಿಡುತ್ತದೆ. ಅಂದರೆ ಒಂದು ಇಸಿಯು ಸತ್ತರೆ ಇನ್ನೊಂದರ ಕಣ್ಣೂ ಹೋಗುತ್ತದೆ. ಸ್ಟಾರ್ಟರ್ ತಿರುಗಿಸುವಾಗ ವಿಆರ್ ವೋಲ್ಟೇಜ್ ಮೊದಲೇ ಕಮ್ಮಿ, ಎರಡು ಇನ್‌ಪುಟ್ ಹೊರಬೇಕಾದರೆ ಇನ್ನೂ ಕಮ್ಮಿ.

ವಿಆರ್ ತಂತಿ ಉಲ್ಟಾ ಆಗಿದೆಯಾ ಅಂತಲೂ ನೋಡಿ. ಉಲ್ಟಾ ಆಗಿದ್ದರೂ ಎಂಜಿನ್ ಸ್ಟಾರ್ಟ್ ಆಗಬಹುದು, ಓಡಬಹುದು. ಆದರೆ ಹಲ್ಲಿನ ತಪ್ಪು ಅಂಚನ್ನು ಓದುತ್ತಿರುತ್ತದೆ. ಆ ಅಂಚಿನಲ್ಲಿ ಅಲೆ ಸೊನ್ನೆ ದಾಟುವುದು ಚೂಪಾಗಿ ಇರುವುದಿಲ್ಲ, ಆರ್‌ಪಿಎಂ ಏರಿದ ಹಾಗೆ ಟೈಮಿಂಗ್ ಸರಿಯುತ್ತದೆ.

ವಿಆರ್ ಮತ್ತು ಹಾಲ್ ನಡುವೆ ಆರಿಸಬೇಕಾದರೆ, ಒಂದು ಕಡೆ ಅದು, ಒಂದು ಕಡೆ ಇದು ಇರಲಿ ಅನ್ನುತ್ತೇನೆ. ಇಬ್ಬರ ದೌರ್ಬಲ್ಯವೂ ಬೇರೆ ಬೇರೆ. ವಿಆರ್‌ಗೆ ಪವರ್ ಬೇಕಿಲ್ಲ, ಬಿಸಿ ತಡೆಯುತ್ತದೆ, ಆದರೆ ಹೊರಗಿನ ಗಲಾಟೆ ಬೇಗ ಹಿಡಿಯುತ್ತದೆ. ಹಾಲ್ ನಿಧಾನ ವೇಗದಲ್ಲೂ ಚೊಕ್ಕ ಸಿಗ್ನಲ್ ಕೊಡುತ್ತದೆ, ಆದರೆ ಅದಕ್ಕೆ ಪವರ್ ಬೇಕು, ಬಿಸಿಗೆ ಮಿತಿ ಇದೆ. ಹಲ್ಲು ಓದುವ ಹಾಲ್‌ಗಳಲ್ಲಿ ಹನಿವೆಲ್ 1ಜಿಟಿ101ಡಿಸಿ ತುಂಬ ಜನ ಬಳಸುವಂಥದ್ದು. 4.5ರಿಂದ 24 ವೋಲ್ಟ್‌ವರೆಗೆ ನಡೆಯುತ್ತದೆ, 150 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ಸ್ಟಾರ್ಟರ್ ಎಳೆಯುವಾಗ ಬ್ಯಾಟರಿ ಕುಸಿದರೂ ಅದು ಎಚ್ಚರವಾಗಿರುತ್ತದೆ.

ಹೆಸರಿಲ್ಲದ ಹಾಲ್ ಸೆನ್ಸರ್ ಒಂದನ್ನು ನಾನು ಬೆಂಚ್ ಮೇಲೆ ಪರೀಕ್ಷಿಸಿದ್ದನ್ನು ಹೇಳುತ್ತೇನೆ. ಡ್ರಿಲ್‌ಗೆ ಹಲ್ಲಿನ ಚಕ್ರ ಸಿಕ್ಕಿಸಿ, ಸೆನ್ಸರ್ ಮೈಗೆ ಥರ್ಮೊಕಪಲ್ ಅಂಟಿಸಿ, ಹಾಟ್ ಏರ್ ಗನ್ ಹಿಡಿದೆ. ಸ್ಕೋಪ್‌ನಲ್ಲಿ ಚೌಕ ಅಲೆಗಳು ಸಾಲಾಗಿ ಬರುತ್ತಿದ್ದವು. 90 ಡಿಗ್ರಿವರೆಗೆ ಏನೂ ಇಲ್ಲ. 110 ದಾಟುತ್ತಿದ್ದ ಹಾಗೆ ಅಲೆಯ ಕೆಳಭಾಗ ಕಿರಿದಾಗುತ್ತಾ ಬಂತು. ಆಮೇಲೆ ಅಲ್ಲೊಂದು ಇಲ್ಲೊಂದು ಪಲ್ಸ್ ಮಾಯ. ಗನ್ ತೆಗೆದು ಊದಿದರೆ ಅರ್ಧ ನಿಮಿಷದಲ್ಲಿ ಎಲ್ಲ ಮತ್ತೆ ಸರಿ. ಇಂಥ ಸೆನ್ಸರ್ ವಿಮಾನದಲ್ಲಿದ್ದರೆ ತಣ್ಣಗಿರುವಾಗ ಎಲ್ಲ ಪರೀಕ್ಷೆಯಲ್ಲೂ ಪಾಸ್ ಆಗುತ್ತದೆ, ಏರುತ್ತಿರುವಾಗ ಕೌಲ್ (ಎಂಜಿನ್ ಮುಚ್ಚುವ ಕವಚ) ಒಳಗೆ ಬಿಸಿಯಾಗಿ ಕೈಕೊಡುತ್ತದೆ. ಇಳಿದು ನೋಡಿದರೆ ಮತ್ತೆ ಪಾಸ್. ಹಾಕುವ ಮುಂಚೆ ಪ್ರತಿ ಹಾಲ್ ಸೆನ್ಸರನ್ನೂ ಬಿಸಿ ಮಾಡಿ ನೋಡಿ. ಎಕ್ಸಾಸ್ಟ್ ಕಡೆಯಿಂದ ದೂರ ಕೂರಿಸಿ, ನಡುವೆ ಒಂದು ತಗಡು ಅಡ್ಡ ಇಡಿ.

ಎ ಸೆನ್ಸರ್‌ನ ಪವರ್ ಎ ಕಡೆಯ ಫ್ಯೂಸ್‌ನಿಂದ, ಬಿಯದ್ದು ಬಿ ಕಡೆಯಿಂದ. ಗ್ರೌಂಡ್ ಕೂಡ ಅವರವರ ಇಸಿಯುಗೇ. ಎರಡೂ ಸೆನ್ಸರ್‌ಗೆ ಒಂದೇ 5 ವೋಲ್ಟ್ ಕೊಟ್ಟರೆ ಒಂದರ ತಂತಿ ಉಜ್ಜಿ ಶಾರ್ಟ್ ಆದಾಗ ಎರಡೂ ಸಾಯುತ್ತವೆ, ಜೊತೆಗೆ ಮ್ಯಾಪ್ ಸೆನ್ಸರ್ (ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ ಅಳೆಯುವಂಥದ್ದು), ಥ್ರಾಟಲ್ ಸೆನ್ಸರ್ ಕೂಡ. ಸೆನ್ಸರ್ ತಂತಿ ಶೀಲ್ಡ್ ಇರುವಂಥದ್ದು ಹಾಕಿ. ಶೀಲ್ಡನ್ನು ಇಸಿಯು ಕಡೆ ಮಾತ್ರ ಗ್ರೌಂಡ್ ಮಾಡಿ. ಕಾಯಿಲ್ ತಂತಿಗಳ ಜೊತೆ ಒಂದೇ ಕಟ್ಟಿನಲ್ಲಿ ಕಟ್ಟಬೇಡಿ.

ಪ್ರತಿ ಪ್ಲಗ್‌ಗೂ ಅದರದೇ ಕಾಯಿಲ್ ಇಟ್ಟಿದ್ದು ಒಳ್ಳೆಯದಾಯಿತು. 6000 ಆರ್‌ಪಿಎಂನಲ್ಲಿ ಪ್ರತಿ ಕಾಯಿಲ್‌ಗೆ ಎರಡು ಕಿಡಿಗಳ ನಡುವೆ 10 ಮಿಲಿಸೆಕೆಂಡ್ ಸಿಗುತ್ತದೆ. 4 ಮಿಲಿಸೆಕೆಂಡ್ ಚಾರ್ಜ್ ಮಾಡಿದರೂ 6 ಬಿಡುವು. ಒಂದೇ ಕಾಯಿಲ್‌ನಿಂದ ಎರಡೂ ರೋಟರ್‌ಗೆ ಒಟ್ಟಿಗೆ ಕಿಡಿ ಕೊಡುವ ವೇಸ್ಟೆಡ್ ಸ್ಪಾರ್ಕ್ ಮಾಡಿದ್ದರೆ 5 ಮಿಲಿಸೆಕೆಂಡಿಗೊಂದು ಕಿಡಿ, ಬಿಡುವು ಬರೀ 1. ಕಾಯಿಲ್ ಬೇಯುತ್ತದೆ.

ಮರದ_ರೆಕ್ಕೆ

ತುಂಬ ಉಪಕಾರ. ಕವಲು ತಂತಿ ಪರೀಕ್ಷೆ ಮಾಡಿದೆ. ಬಿ ಪವರ್ ತೆಗೆದ ಕೂಡಲೇ ಎ ಕಡೆ ಅಲೆ ಎದ್ದು ಕಾಣುವಷ್ಟು ಚಿಕ್ಕದಾಯಿತು. ತಂತಿ ಉಲ್ಟಾ ಇಲ್ಲ, ಅಂಚು ಸರಿಯಾಗಿದೆ. ಮೂಲ ಕ್ರ್ಯಾಂಕ್ ಆಂಗಲ್ ಸೆನ್ಸರ್ ನನ್ನ ಡಬ್ಬದಲ್ಲೇ ಇದೆ, ಅದನ್ನು ಬಿಗೆ ಹಾಕುತ್ತೇನೆ. ಎಗೆ ವಿಆರ್ ತೆಗೆದು ಹಾಲ್.

ಆ ಎರಡು ಡಿಗ್ರಿ ಇನ್ನೂ ಅರ್ಥವಾಗಿಲ್ಲ. ಪುಲ್ಲಿ ಮೇಲೆ ಮಜ್ದಾದವರ ಹಳದಿ ಗುರುತು, ಕೆಂಪು ಗುರುತು ಇವೆ. ಹಳದಿಯನ್ನು ಸೊನ್ನೆ ಅಂತ ಹಿಡಿಯಬಹುದಾ? ಎರಡು ಬೇರೆ ಬೇರೆ ಸೆನ್ಸರ್ ಇದ್ದಾಗ ಟೈಮಿಂಗ್ ಒಂದೇ ಆಗಿದೆ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ? ರನ್-ಅಪ್‌ನಲ್ಲಿ ಎ ಕಿಡಿ ಮಾತ್ರ ಆಫ್ ಮಾಡಿದರೆ ಆರ್‌ಪಿಎಂ ಜಾಸ್ತಿ ಬೀಳುತ್ತದೆ, ಬಿ ಕಿಡಿ ಆಫ್ ಮಾಡಿದರೆ ಕಮ್ಮಿ. ಇದು ಟೈಮಿಂಗ್ ವ್ಯತ್ಯಾಸದಿಂದಲಾ?

ಎಪೆಕ್ಸ್_ಸೀಲ್

ಹಳದಿ ಗುರುತು ಸೊನ್ನೆ ಅಲ್ಲ! ದಯವಿಟ್ಟು ಇದನ್ನು ಮೊದಲು ಸರಿಮಾಡಿ. ಆ ಎಂಜಿನ್‌ನಲ್ಲಿ ಹಳದಿ ಅಂದರೆ ಟಿಡಿಸಿ ಆದ ಮೇಲೆ 5 ಡಿಗ್ರಿ, ಲೀಡಿಂಗ್‌ಗೆ. ಕೆಂಪು ಅಂದರೆ ಟಿಡಿಸಿ ಆದ ಮೇಲೆ 20, ಟ್ರೇಲಿಂಗ್‌ಗೆ. ಕಾರು ಐಡಲ್ ಇರುವಾಗ ಕಿಡಿ ಟಿಡಿಸಿ ದಾಟಿದ ಮೇಲೆ ಬರುವ ಹಾಗೆ ಇಟ್ಟಿದ್ದರು, ಆ ಗುರುತುಗಳು ಅದಕ್ಕೆ. ಟಿಡಿಸಿಗೆ ಗುರುತೇ ಇಲ್ಲ, ನೀವೇ ಮಾಡಿಕೊಳ್ಳಬೇಕು.

ಪುಲ್ಲಿಯ ವ್ಯಾಸ ಅಳೆಯಿರಿ. 140 ಮಿ.ಮೀ ಇದೆ ಅಂದುಕೊಂಡರೆ ಸುತ್ತಳತೆ 440, ಒಂದು ಡಿಗ್ರಿಗೆ 1.22 ಮಿ.ಮೀ. ಹಳದಿಯಿಂದ ತಿರುಗುವ ದಿಕ್ಕಿನಲ್ಲಿ ಮುಂದಕ್ಕೆ 5 ಡಿಗ್ರಿ, ಅಂದರೆ 6.1 ಮಿ.ಮೀ ಅಳೆದರೆ ಟಿಡಿಸಿ. ಹಳದಿಯಿಂದ 27 ಡಿಗ್ರಿ, ಅಂದರೆ 33 ಮಿ.ಮೀ ಮುಂದೆ ನಿಮ್ಮ 22ರ ಗೆರೆ. ತೆಳುವಾದ ಕಾಗದದ ಪಟ್ಟಿ ಸುತ್ತಿ ಅಳೆಯಿರಿ, ಸ್ಕೇಲ್ ನೇರವಾಗಿ ಹಿಡಿದರೆ ಬಾಗಿದ ಮೇಲ್ಮೈಯಲ್ಲಿ ತಪ್ಪುತ್ತದೆ. ಗೆರೆಯನ್ನು ಚೂಪಾದ ಮೊಳೆಯಿಂದ ಗೀರಿ, ಆಮೇಲೆ ಬಿಳಿ ಬಣ್ಣ ತುಂಬಿ. ಹಳದಿಯನ್ನೇ ಸೊನ್ನೆ ಅಂತ ಹಿಡಿದು 22 ಇಟ್ಟರೆ ನಿಜವಾದ ಟೈಮಿಂಗ್ 17 ಆಗುತ್ತದೆ. ಅದು ಪವರ್ ಕಮ್ಮಿ, ಎಕ್ಸಾಸ್ಟ್ ಬಿಸಿ ಜಾಸ್ತಿ ಇರುವ ಕಡೆ. ಎಂಜಿನ್ ಮುರಿಯುವ ಕಡೆ ಅಲ್ಲ, ಆದರೂ ಸರಿ ಇರಲಿ. ಟರ್ಬೊ ಇಲ್ಲದ 13ಬಿಗೆ ಪೂರ್ತಿ ಥ್ರಾಟಲ್‌ನಲ್ಲಿ 20ರಿಂದ 25 ಒಳಗೆ ಇಡುವುದು ವಾಡಿಕೆ, ನಿಮ್ಮ 22 ಒಳ್ಳೆಯ ಜಾಗ. ಸ್ಟಾರ್ಟ್ ಮಾಡುವಾಗ ಮಾತ್ರ ಟಿಡಿಸಿ ಹತ್ತಿರಕ್ಕೆ ತನ್ನಿ, ಇಲ್ಲದಿದ್ದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಅದರ ಪೆಟ್ಟು ಸ್ಟಾರ್ಟರ್‌ಗೂ ರಿಡಕ್ಷನ್ ಗೇರ್‌ಗೂ ಬೀಳುತ್ತದೆ.

ಟೈಮಿಂಗ್ ಲೈಟ್‌ನಲ್ಲಿ ಡಿಗ್ರಿ ತಿರುಗಿಸುವ ಗುಂಡಿ ಇದ್ದರೆ ಅದನ್ನು ಸೊನ್ನೆಯಲ್ಲೇ ಬಿಡಿ. ಆ ಲೈಟ್‌ಗಳು ಎರಡು ಸುತ್ತಿಗೆ ಒಂದು ಕಿಡಿ ಅಂತ ಲೆಕ್ಕ ಹಾಕುವಂಥವು. ರೋಟರಿಯಲ್ಲಿ ಸುತ್ತಿಗೊಂದು ಕಿಡಿ. ಲೈಟ್ ಆರ್‌ಪಿಎಂ ಎರಡರಷ್ಟು ತೋರಿಸುತ್ತದೆ, ಡಿಗ್ರಿಯೂ ತಪ್ಪಾಗುತ್ತದೆ. ಪುಲ್ಲಿ ಮೇಲಿನ ನಿಜವಾದ ಗೆರೆಯನ್ನೇ ನಂಬಿ.

ಈಗ ಆ ಎರಡು ಡಿಗ್ರಿ. ಡಿಗ್ರಿಯನ್ನು ಹೊತ್ತಿಗೆ ಬದಲಿಸಿ ನೋಡಿ, ಎಲ್ಲ ಬಿಡಿಸಿಕೊಳ್ಳುತ್ತದೆ. 1500 ಆರ್‌ಪಿಎಂನಲ್ಲಿ ಶಾಫ್ಟ್ ಒಂದು ಮಿಲಿಸೆಕೆಂಡಿಗೆ 9 ಡಿಗ್ರಿ ತಿರುಗುತ್ತದೆ. 5000ದಲ್ಲಿ 30 ಡಿಗ್ರಿ. ವ್ಯತ್ಯಾಸ 21. ಹಲ್ಲು ಸೆನ್ಸರ್ ದಾಟಿದ ಕ್ಷಣದಿಂದ ಕಿಡಿ ಬೀಳುವವರೆಗೆ ದಾರಿಯಲ್ಲಿ ಎಲ್ಲೋ 0.1 ಮಿಲಿಸೆಕೆಂಡ್ ತಡವಾಗುತ್ತಿದೆ ಅಂದುಕೊಳ್ಳಿ. 1500ರಲ್ಲಿ ಅದು 0.9 ಡಿಗ್ರಿ. ನೀವು ಅಲ್ಲಿ ಲೈಟ್ ಹಿಡಿದು ಆಫ್‌ಸೆಟ್ ಹೊಂದಿಸಿದ್ದರಿಂದ ಅದು ಮುಚ್ಚಿಹೋಯಿತು. 5000ದಲ್ಲಿ ಅದೇ ತಡ 3 ಡಿಗ್ರಿ. ಎರಡರ ನಡುವಿನ 2.1 ನಿಮ್ಮ ಕಣ್ಣಿಗೆ ಬಿದ್ದಿದೆ. ತಡ ಮಾಡುತ್ತಿರುವುದು ಸಾಮಾನ್ಯವಾಗಿ ಸೆನ್ಸರ್ ಇನ್‌ಪುಟ್‌ನ ಗಲಾಟೆ ಸೋಸುವ ಫಿಲ್ಟರ್. ಸ್ಕೋಪ್‌ನ ಒಂದು ಚಾನೆಲ್ ಸೆನ್ಸರ್ ತಂತಿ ಮೇಲೆ, ಇನ್ನೊಂದು ಫಿಲ್ಟರ್ ದಾಟಿದ ಮೇಲೆ ಇಟ್ಟರೆ ಗೊತ್ತಾಗುತ್ತದೆ. ಫಿಲ್ಟರ್ ಕಮ್ಮಿ ಮಾಡಬಹುದು, ಇಲ್ಲವೇ ಇಸಿಯುನಲ್ಲಿ ತಡವನ್ನು ಮೈಕ್ರೊಸೆಕೆಂಡ್‌ನಲ್ಲಿ ತುಂಬುವ ಜಾಗ ಇದ್ದರೆ ಅಲ್ಲಿ 100 ಹಾಕಿ ಮತ್ತೆ ಲೈಟ್ ಹಿಡಿಯಬಹುದು. ಕೆಲವು ಲೈಟ್‌ಗಳಿಗೇ ಸ್ವಲ್ಪ ತಡ ಇರುತ್ತದೆ, ಇನ್ನೊಂದು ಲೈಟ್ ಸಿಕ್ಕರೆ ಅದರಲ್ಲೂ ನೋಡಿ.

ಪ್ರೊಪ್_ಹಿಂದೆ ಅವರು ಎರಡು ಡಿಗ್ರಿಗೆ ತಲೆ ಕೆಡಿಸಿಕೊಳ್ಳಬೇಡಿ ಅಂದರು. ಒಂದೇ ಸೆನ್ಸರ್ ಇದ್ದಾಗ ಒಪ್ಪುತ್ತೇನೆ. ಎರಡು ಸೆನ್ಸರ್ ಇದ್ದಾಗ ಒಪ್ಪುವುದಿಲ್ಲ. ಈಗ ಎ ಕಡೆ ಹಾಲ್, ಬಿ ಕಡೆ ಮೂಲ ಸೆನ್ಸರ್, ಅದರೊಳಗಿರುವುದು ವಿಆರ್. ಎರಡರ ತಡ ಬೇರೆ ಬೇರೆ. 1500ರಲ್ಲಿ ಎರಡನ್ನೂ ಹೊಂದಿಸಿ ಬಿಟ್ಟರೆ ಟೇಕಾಫ್‌ನಲ್ಲಿ ಅವು ಬೇರೆ ಬೇರೆ ಕಡೆ ಇರುತ್ತವೆ. ಅದಕ್ಕೇ ಕಮ್ಮಿ ವೇಗದಲ್ಲಿ ಒಮ್ಮೆ, 5000 ಹತ್ತಿರ ಒಮ್ಮೆ, ಮೊದಲ ರೋಟರ್‌ನ ಲೀಡಿಂಗ್ ತಂತಿಗೆ ಒಮ್ಮೆ, ಟ್ರೇಲಿಂಗ್ ತಂತಿಗೆ ಒಮ್ಮೆ ಲೈಟ್ ಹಿಡಿಯಿರಿ. ನಾಲ್ಕೂ ಸಲ ಗೆರೆ ಒಂದೇ ಜಾಗದಲ್ಲಿ ನಿಲ್ಲಬೇಕು. ಪ್ರೊಪೆಲರ್ ತಿರುಗುತ್ತಿರುವಾಗ ಮಾಡುವ ಕೆಲಸ ಇದು. ವಿಮಾನವನ್ನು ಕಟ್ಟಿಹಾಕಿ, ಥ್ರಾಟಲ್ ಹತ್ತಿರ ಇನ್ನೊಬ್ಬರು ಕೂತಿರಲಿ, ನೀವು ಪ್ರೊಪೆಲರ್ ತಿರುಗುವ ಸಮತಲದಿಂದ ಹಿಂದೆ ನಿಂತು ನೋಡಿ. ಗೆರೆ ಕಾಣುವ ಹಾಗೆ ಒಂದು ಕನ್ನಡಿ ಕೂರಿಸಿದರೆ ಬಗ್ಗುವ ಅಗತ್ಯವೇ ಬರುವುದಿಲ್ಲ.

ರನ್-ಅಪ್‌ನಲ್ಲಿ ಆರ್‌ಪಿಎಂ ಬೇರೆ ಬೇರೆ ಬೀಳುವುದು ಟೈಮಿಂಗ್‌ನಿಂದಲ್ಲ, ರೋಟರಿಯ ಹುಟ್ಟುಗುಣ. ಇದು ಮ್ಯಾಗ್ನೆಟೊ ಇರುವ ಪಿಸ್ಟನ್ ಎಂಜಿನ್ ಅಲ್ಲ, ಅಲ್ಲಿ ಎರಡೂ ಪ್ಲಗ್‌ಗಳ ಕೆಲಸ ಒಂದೇ. ಇಲ್ಲಿ ಚೇಂಬರ್ ಉದ್ದ, ತೆಳು. ಟಿಡಿಸಿ ಹತ್ತಿರ ಗಾಳಿಯೆಲ್ಲ ಲೀಡಿಂಗ್ ಕಡೆಗೆ ನುಗ್ಗುತ್ತದೆ. ಟ್ರೇಲಿಂಗ್ ಪ್ಲಗ್ ಕೂತಿರುವುದು ಒಂದು ಸಣ್ಣ ತೂತಿನ ಹಿಂದೆ. ಎಪೆಕ್ಸ್ ಸೀಲ್ ಆ ತೂತಿನ ಮೇಲೆ ಹಾದುಹೋಗುವಾಗ ಎರಡೂ ಬದಿಯ ಒತ್ತಡಕ್ಕೆ ದೊಡ್ಡ ವ್ಯತ್ಯಾಸ ಇರುತ್ತದೆ, ತೂತು ದೊಡ್ಡದಾದರೆ ಅಲ್ಲಿ ಸೋರುತ್ತದೆ. ಅದಕ್ಕೇ ಚಿಕ್ಕದು. ಹಾಗಾಗಿ ಬರೀ ಟ್ರೇಲಿಂಗ್ ಮೇಲೆ ಓಡಿದರೆ ಪವರ್ ಜಾಸ್ತಿ ಬೀಳುತ್ತದೆ, ಬರೀ ಲೀಡಿಂಗ್ ಮೇಲೆ ಕಮ್ಮಿ. 1991ರಲ್ಲಿ ಲ ಮಾನ್ಸ್ ಗೆದ್ದ ಮಜ್ದಾ 787ಬಿ ಎಂಜಿನ್‌ನಲ್ಲಿ ಪ್ರತಿ ರೋಟರ್‌ಗೆ ಮೂರು ಪ್ಲಗ್ ಇದ್ದವು. ಈ ಉದ್ದ ಚೇಂಬರ್ ಪೂರ್ತಿ ಉರಿಸಲು ಅಷ್ಟು ಪಾಡು.

ನೀವು ಬರೆದಿಡಬೇಕಾದ್ದು ಎರಡೂ ಕುಸಿತ ಸಮ ಇದೆಯಾ ಅಂತ ಅಲ್ಲ. ಎಲ್ಲ ಸರಿ ಇರುವಾಗ ಎ ಆಫ್ ಮಾಡಿದರೆ ಎಷ್ಟು, ಬಿ ಆಫ್ ಮಾಡಿದರೆ ಎಷ್ಟು ಅಂತ ಬರೆದಿಡಿ. ಮುಂದೆ ಆ ಅಂಕಿ ಬದಲಾದರೆ ಹುಡುಕಿ. ಒಮ್ಮೆಯಾದರೂ ಪೂರ್ತಿ ಥ್ರಾಟಲ್‌ನಲ್ಲಿ ಬರೀ ಟ್ರೇಲಿಂಗ್ ಮೇಲೆ, ಬಿ ಇಸಿಯುವಿನ ಪೆಟ್ರೋಲ್ ಮೇಲೆ ಓಡಿಸಿ ನೋಡಿ. ಎ ಹೋದ ದಿನ ನಿಮ್ಮ ಕೈಯಲ್ಲಿ ಇರುವ ಪವರ್ ಅಷ್ಟೇ. ಅಷ್ಟರಲ್ಲಿ ವಿಮಾನ ಮಟ್ಟವಾಗಿ ಹಾರುತ್ತದಾ ಅಂತ ಸ್ಟ್ಯಾಂಡ್ ಮೇಲೇ ಲೆಕ್ಕ ಸಿಗಬೇಕು. ಆಗ ಎಕ್ಸಾಸ್ಟ್ ಬಿಸಿ ಏರುತ್ತದೆ, ಕಣ್ಣಿಟ್ಟಿರಿ. ಆ ತಾಪವನ್ನು ಇಳಿಸಿದ ಥ್ರಾಟಲ್‌ನಲ್ಲೂ ನೋಡಿ ಬರೆದಿಡಿ.

ಪ್ರೊಪ್_ಹಿಂದೆ

ಹಾಲ್ ಮತ್ತು ವಿಆರ್ ತಡ ಬೇರೆ ಬೇರೆ ಅನ್ನುವುದು ನಾನು ಯೋಚಿಸಿರಲಿಲ್ಲ. ಒಪ್ಪಿದೆ. ಇಂಜೆಕ್ಟರ್‌ಗೆ ನನ್ನ ಸಲಹೆ: ಇಂಜೆಕ್ಟರ್‌ನ ಒಂದು ಕಡೆ ಯಾವಾಗಲೂ 12 ವೋಲ್ಟ್, ಇಸಿಯು ಇನ್ನೊಂದು ಕಡೆಯನ್ನು ಗ್ರೌಂಡ್‌ಗೆ ಎಳೆಯುತ್ತದೆ. ಹಾಗಾಗಿ ಎರಡೂ ಇಸಿಯುವಿನ ಔಟ್‌ಪುಟ್ ಒಂದೇ ಇಂಜೆಕ್ಟರ್‌ಗೆ ಕಟ್ಟಬಹುದು. ಆದರೆ ಎರಡೂ ಒಟ್ಟಿಗೆ ಪೆಟ್ರೋಲ್ ಕೊಡಬಾರದು. ಒಂದರ ಇಂಜೆಕ್ಷನ್ ಮಾತ್ರ ಚಾಲೂ ಇರುವ ಹಾಗೆ ಒಂದು ಸ್ವಿಚ್ ಇಡಿ.

ಮರದ_ರೆಕ್ಕೆ

ಹಾಗೇ ಮಾಡುತ್ತೇನೆ. ಈ ಸ್ವಿಚ್ ಕೈಯಿಂದ ಹಾಕಬೇಕಾ, ಅಥವಾ ಎ ಸಿಗ್ನಲ್ ನಿಂತರೆ ತಾನೇ ಬಿಗೆ ಬದಲಾಗುವ ಸರ್ಕಿಟ್ ಮಾಡಲಾ? ಟೇಕಾಫ್ ಆದ ಕೂಡಲೇ ಎಂಜಿನ್ ನಿಂತರೆ ಕೈ ಹಾಕಲು ಹೊತ್ತು ಸಿಗುತ್ತದಾ ಅನ್ನುವ ಭಯ.

ಎಪೆಕ್ಸ್_ಸೀಲ್

ಕೈಯಿಂದಲೇ ಇರಲಿ. ಥ್ರಾಟಲ್ ಹಿಡಿದ ಕೈಗೆ ನೋಡದೆ ಎಟುಕುವ ಜಾಗದಲ್ಲಿ ಸ್ವಿಚ್ ಇರಲಿ. ಟೇಕಾಫ್‌ನಲ್ಲಿ ಬೆರಳು ಅದರ ಮೇಲೇ ಇಟ್ಟುಕೊಳ್ಳುವುದನ್ನು ರೂಢಿ ಮಾಡಿ. ಪ್ರೊಪೆಲರ್ ಗಾಳಿಗೆ ಎಂಜಿನನ್ನು ತಿರುಗಿಸುತ್ತಿರುತ್ತದೆ, ಪೆಟ್ರೋಲ್ ಬಂದ ಕೂಡಲೇ ಉರಿಯುತ್ತದೆ, ಯಾಕೆಂದರೆ ಬಿ ಕಿಡಿ ಕೊಡುವುದನ್ನು ನಿಲ್ಲಿಸಿಯೇ ಇಲ್ಲ.

ತಾನೇ ಬದಲಾಗುವ ಸರ್ಕಿಟ್‌ಗೆ ಸಿಗ್ನಲ್ ನಿಂತಿದ್ದು ಗೊತ್ತಾಗುತ್ತದೆ. ಸಿಗ್ನಲ್ ಸುಳ್ಳು ಹೇಳಿದ್ದು ಗೊತ್ತಾಗುವುದಿಲ್ಲ. ಮೇಲಾಗಿ ಎ ಮತ್ತು ಬಿ ಎರಡೂ ಹಾದುಹೋಗುವ ಮೂರನೇ ಪೆಟ್ಟಿಗೆ ಅದು, ಅದೇ ಕೆಟ್ಟರೆ ಎರಡೂ ಹೋಗುತ್ತವೆ.

ಎರಡು ಸೆನ್ಸರ್‌ಗಳ ಗುರುತಿನ ನಡುವಿನ ಅಂತರ ನೋಡುತ್ತಾ, ಅದು 3 ಡಿಗ್ರಿಗಿಂತ ಜಾಸ್ತಿ ಆದರೆ ಒಂದು ಕೆಂಪು ದೀಪ ಹೊತ್ತಿಸುವ ಸಣ್ಣ ಬೋರ್ಡ್ ಮಾಡಿ. ಅದು ಬರೀ ನೋಡಲಿ, ಏನನ್ನೂ ಬದಲಿಸುವುದು ಬೇಡ. ಎರಡೂ ಸಿಗ್ನಲನ್ನು ಇಸಿಯುವಿನ ಟ್ಯಾಕೊಮೀಟರ್ ಔಟ್‌ಪುಟ್‌ನಿಂದ ತೆಗೆದುಕೊಳ್ಳಿ, ಸೆನ್ಸರ್ ತಂತಿಗೆ ಕೈ ಹಾಕಬೇಡಿ. ದೀಪ ಹೊತ್ತಿದರೆ ಮೊದಲು ಥ್ರಾಟಲ್ ಇಳಿಸಿ, ಆಮೇಲೆ ಎಕ್ಸಾಸ್ಟ್ ತಾಪ ನೋಡಿ. ಆ ಥ್ರಾಟಲ್‌ನಲ್ಲಿ ಯಾವಾಗಲೂ ಇರುವ ತಾಪಕ್ಕಿಂತ ಇಳಿದಿದ್ದರೆ ಯಾವುದೋ ಒಂದು ಇಸಿಯು ಬೇಗ ಕಿಡಿ ಕೊಡುತ್ತಿದೆ. ಇಂಜೆಕ್ಷನನ್ನು ಬಿಗೆ ಬದಲಿಸಿ ಎ ಆಫ್ ಮಾಡಿ. ತಾಪ ಏರಿ, ಎಂಜಿನ್ ಬರೀ ಟ್ರೇಲಿಂಗ್ ಮೇಲೆ ಓಡುವಾಗಿನ ನಿಮ್ಮ ಬರೆದಿಟ್ಟ ಅಂಕಿಗೆ ಬಂದರೆ ತಪ್ಪು ಎಯದ್ದು, ಅದನ್ನು ಆಫ್‌ನಲ್ಲೇ ಬಿಟ್ಟು ಇಳಿಯಿರಿ. ಬರದಿದ್ದರೆ ಎ ಮತ್ತೆ ಹಾಕಿ, ಇಂಜೆಕ್ಷನ್ ಎಗೆ ತಂದು, ಬಿ ಆಫ್ ಮಾಡಿ. ಹಾಗಾಗಿ ಎರಡೂ ಇಸಿಯುಗೆ ಬೇರೆ ಬೇರೆ ಆಫ್ ಸ್ವಿಚ್ ಬೇಕೇ ಬೇಕು, ನಿಮ್ಮ ಪ್ಯಾನೆಲ್ ಚಿತ್ರದಲ್ಲಿ ಅದಕ್ಕೆ ಜಾಗ ಬಿಡಿ.